ಕಾರ್ಯದರ್ಶಿಗಳ ಎಡ ಹಿಮ್ಮಡಿ

ನನ್ನದು ಬಟ್ಟೆ ವ್ಯಾಪಾರ. ಮನುಷ್ಯರನ್ನೂ ಥಾನಿನ ಹಾಗೆ ಬೆರಳಲ್ಲಿ ಉಜ್ಜಿ ನೋಡುವ ಚಾಳಿ ಬಿಟ್ಟಿಲ್ಲ. ಅರ್ಧಿಂಚು ಅನ್ನುವವನನ್ನು ಮೊದಲ ಸಲ ಕಂಡಾಗ ಮನಸ್ಸಿನಲ್ಲೇ ತೂಗಿ ನೋಡಿದ್ದೆ: ಉದ್ದ ಐದಡಿ ಎರಡಿಂಚು, ಅಗಲ ಹೇಳಿಕೊಳ್ಳುವಷ್ಟಿಲ್ಲ. ಮಾಸಿದೆ, ಆದರೆ ಬಣ್ಣ ಬಿಟ್ಟಿಲ್ಲ. ಎಷ್ಟು ಹಿಂಡಿದರೂ ಕುಗ್ಗುವ ಜಾತಿಯಲ್ಲ. ಅಂಚಿನಲ್ಲಿ ಒಂದೆರಡು ಎಳೆ ಸಡಿಲ. ಕಪಾಟಿನಲ್ಲಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಒಯ್ದವರು ಯಾರೂ ವಾಪಸ್ ತರುವುದಿಲ್ಲ.

ಅವನು ದರ್ಜಿ. ಏನೇ ಹೊಲಿದುಕೊಟ್ಟರೂ "ಒಳಗೆ ಅರ್ಧ ಇಂಚು ಬಿಟ್ಟಿದೀನಿ, ದಪ್ಪ ಆದ್ರೆ ಬಿಚ್ಚಿಸ್ಕೊಳ್ಳಿ" ಅನ್ನುತ್ತಿದ್ದ. ಆ ಹೆಸರೇ ಅಂಟಿಕೊಂಡಿತು. ನಾನು ಗಾಲ್ಫ್ ಆಡಲು ಹೋಗುವ ಕ್ಲಬ್ಬಿನಲ್ಲಿ, ಅಭ್ಯಾಸದ ಮೈದಾನದ ಬಲ ಅಂಚಿಗೆ, ಮೊದಲು ಹುಲ್ಲು ಕತ್ತರಿಸುವ ಯಂತ್ರ ಇಡುತ್ತಿದ್ದ ತಗಡಿನ ಸೂರಿನ ಕೋಣೆಯೇ ಅವನ ಅಂಗಡಿ. ಒಂದು ಕಿಟಕಿ, ಒಂದು ಹೊಲಿಗೆ ಯಂತ್ರ, ಗುಂಡಿಗಳ ಡಬ್ಬಿ, ಮೂಲೆಯಲ್ಲಿ ಕಾಜ ಹಾಕುತ್ತ ಕೂರುವ ಹೆಂಡತಿ. ಚೆಂಡು ಎತ್ತಿಕೊಳ್ಳಲು ಬಗ್ಗಿದಾಗಲೆಲ್ಲ ಸದಸ್ಯರ ಪ್ಯಾಂಟು ಬಿರಿಯುತ್ತಿದ್ದುದರಿಂದ ಇಪ್ಪತ್ತು ವರ್ಷ ಅವರ ಸಂಸಾರ ನಡೆದಿತ್ತು.

ಕುತ್ತು ಬಂದದ್ದು ಹೊಸ ಕಾರ್ಯದರ್ಶಿಗಳಿಂದ. ಅವರು ಎತ್ತ ಗುರಿಯಿಟ್ಟು ಹೊಡೆದರೂ ಚೆಂಡು ಬಲಕ್ಕೆ ಹಾರಿ ಅರ್ಧಿಂಚಿನ ತಗಡಿನ ಮೇಲೆ ಢಣ್ ಎಂದು ಬೀಳುತ್ತಿತ್ತು. ಚೆಂಡನ್ನು ಒಂದು ಗೇಣು ಮುಂದಿಡಿ ಅಂತ ಒಬ್ಬರು, ಹಿಂದಿಡಿ ಅಂತ ಇನ್ನೊಬ್ಬರು. ಅವರ ಹಲ್ಲಿನ ಡಾಕ್ಟರೂ ಹಲ್ಲು ಕೀಳುತ್ತಲೇ ಒಂದು ಸಲಹೆ ಕೊಟ್ಟಿದ್ದರಂತೆ. ಕೊನೆಗೆ ಅವರಿಗೇ ಕಾರಣ ಹೊಳೆಯಿತು.

"ಕೋಣೆ ಅಲ್ಲಿರೋದ್ರಿಂದಲೇ ಚೆಂಡು ಅಲ್ಲಿಗೆ ಹೋಗ್ತಿದೆ. ಕೆಡವಿಬಿಟ್ರೆ ಅದಾದ್ರೂ ಎಲ್ಲಿಗೆ ಹೋದೀತು?"

ಸಮಿತಿ ತಲೆದೂಗಿತು. ಸೋಮವಾರ ಕೆಡವುವುದೆಂದು ನಿರ್ಣಯವಾಯಿತು. ನಾನೂ ಸಮಿತಿಯಲ್ಲಿದ್ದೆ. ಸಹಿ ಹಾಕಿದೆ.

ವಿಷಯ ತಿಳಿದ ಅರ್ಧಿಂಚು ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಕಾರ್ಯದರ್ಶಿಗಳ ಹತ್ತಿರ ಹೋಗಿ ಅಳತೆ ಟೇಪು ಬಿಚ್ಚಿದ.

"ಸಾರ್, ಇಪ್ಪತ್ತು ವರ್ಷದಿಂದ ಕಿಟಕೀಲಿ ಕೂತು ನೋಡ್ತಿದೀನಿ. ಉದ್ದ ಕೋಲಲ್ಲಿ ನೇರ ಹೊಡೆಯೋರ ಚೆಂಡು ಎಡ ಹಿಮ್ಮಡಿ ನೇರಕ್ಕೇ ಇರ್ತದೆ. ನೀವು ದಿನಕ್ಕೊಂದು ಕಡೆ ಇಡ್ತೀರಿ."

"ಹಿಮ್ಮಡಿ ಕಂಡ್ರೆ ತಾನೇ ಇಡೋದು?" ಕಾರ್ಯದರ್ಶಿಗಳು ಹೊಟ್ಟೆ ಸವರಿಕೊಂಡರು. "ಅದನ್ನ ನೋಡಿ ಎಂಟು ವರ್ಷ ಆಯ್ತಯ್ಯಾ."

"ಕಾಣೋದು ಬೇಡ. ಕಾಲಿಗೆ ತಿಳಿಯೋ ಹಾಗೆ ಹೊಲಿದುಕೊಡ್ತೀನಿ."

ಕ್ಯಾನ್ವಾಸಿನ ಹಾಸು, ಅದರ ಮೇಲೆ ಎರಡು ಹೆಜ್ಜೆಯ ಸುತ್ತ ದಪ್ಪ ಹುರಿಯ ಅಂಚು, ಮುಂದೆ ಎಡ ಹಿಮ್ಮಡಿಯ ನೇರಕ್ಕೆ ಚೆಂಡಿಗೊಂದು ಉಂಗುರ: ಇದು ಅವನ ಲೆಕ್ಕಾಚಾರ. ಭಾನುವಾರ ಚೆಂಡು ನೇರ ಹೋದರೆ ಕೋಣೆ ಉಳಿಯಬೇಕು ಅಂದ. ಕಾರ್ಯದರ್ಶಿಗಳು ಒಪ್ಪಿ, ಕಾಲುಚೀಲ ಬಿಚ್ಚಿ ಕಾಗದದ ಮೇಲೆ ನಿಂತರು.

"ಬಲಗಾಲು ಅರ್ಧ ಇಂಚು ಉದ್ದ ಇದೆ ಸಾರ್."

"ಮೆಲ್ಲಗೆ ಹೇಳಯ್ಯಾ! ಮನೆಯವಳಿಗೂ ಗೊತ್ತಿಲ್ಲ."

ಒಂದು ಮೈ ಹಸಿರು, ಒಂದು ಮೈ ಬಿಳಿ ಇರುವ ಕ್ಯಾನ್ವಾಸು ಹೋದದ್ದು ನನ್ನ ಅಂಗಡಿಯಿಂದಲೇ. ಶನಿವಾರ ನಾನು ಅತ್ತ ಹೋದಾಗ ಅರ್ಧಿಂಚು ಅದನ್ನು ನೆಲಕ್ಕೆ ಹಾಸಿ, ಕಾಗದ ನೋಡಿಕೊಂಡು ಬಿಳಿಯ ಉಲ್ಟಾ ಮೈಮೇಲೆ ಸೀಮೆಸುಣ್ಣದ ಗೀಟು ಎಳೆಯುತ್ತಿದ್ದ. ದರ್ಜಿಗಳು ಗೀಟು ಹಾಕುವುದೇ ಉಲ್ಟಾ ಮೈಮೇಲೆ, ಸೀದಾ ಮೈ ಕೊಳೆಯಾಗಬಾರದಲ್ಲ.

"ಹೇಗಿದೆ ಸಾಹುಕಾರ್ರೇ?" ಅಂತ ಕೇಳಿದ.

"ಭಾರಿ ಚೆನ್ನಾಗಿದೆ" ಅಂದೆ. ಅವನ ಹೆಂಡತಿ ಕೊಟ್ಟ ಚಹಾ ಕುಡಿದು ಬಂದೆ.

ಭಾನುವಾರ ಹುರಿ ಹೊಲಿದ ಹಸಿರು ಮೈ ಮೇಲಾಗಿ ಹಾಸು ಬಿಚ್ಚಿಕೊಂಡಿತು. ಕಾರ್ಯದರ್ಶಿಗಳು ಬರಿಗಾಲಲ್ಲಿ ಹತ್ತಿ, ಬೆರಳಿನಿಂದ ಹುರಿ ತಡವಿ ನಿಂತರು. ಉಂಗುರದಲ್ಲಿ ಚೆಂಡು. ಬೀಸಿದರು. ಢಣ್. ಎರಡನೆಯದು ಢಣ್. ಮೂರನೆಯದು ಕಿಟಕಿಯೊಳಗೇ ನುಗ್ಗಿ ಗುಂಡಿಗಳ ಡಬ್ಬಿಗೆ ಬಡಿಯಿತು. ಒಳಗಿನಿಂದ ಹೆಂಡತಿಯ ಕೂಗು: "ರೀ, ಇವತ್ತು ಅಂಗಡಿ ಒಳಗೇ ಬರ್ತಿದಾರೆ ಕಣ್ರೀ!"

"ಸೋಮವಾರ ಯಾಕೆ, ಈಗಲೇ ಕೆಡವಿಸ್ತೀನಿ!" ಕಾರ್ಯದರ್ಶಿಗಳ ಮುಖ ಕೆಂಪಾಗಿತ್ತು. "ಏನು ಹೊಲಿದಿದೀಯಯ್ಯಾ? ಬಲಗಾಲು ಬಿಗಿ, ಎಡಗಾಲು ಸಡಿಲ!"

ಬೇರೆ ಯಾರಾದರೂ ಆಗಿದ್ದರೆ ತಪ್ಪಾಯ್ತು ಅನ್ನುತ್ತಿದ್ದರು. ಆದರೆ ಬಿಗಿ, ಸಡಿಲ ಅನ್ನುವ ಮಾತು ದರ್ಜಿಯ ಕಿವಿಗೆ ಬಿದ್ದರೆ ಬೇರೆಯೇ ಆಗುತ್ತದೆ.

"ಬಲಗಾಲು ಬಿಗಿ? ನಾನು ಹೊಲಿದದ್ದಾ?" ಅರ್ಧಿಂಚು ಮೊಣಕಾಲೂರಿ ಹುರಿಯ ಮೇಲೆ ಟೇಪು ಹಿಡಿದ. ಎಡ ಹೆಜ್ಜೆ ಅರ್ಧ ಇಂಚು ಉದ್ದ. ಹಾಸಿನ ಅಂಚೆತ್ತಿ ಅಡಿಯ ಗೀಟು ನೋಡಿದ. ಆಮೇಲೆ ಹಣೆ ಚಚ್ಚಿಕೊಂಡ. "ಉಲ್ಟಾ ಮೈಲಿ ಗೀಟು ಹಾಕಿ ಮಗುಚಿಬಿಟ್ಟಿದೀನಿ. ಎಡದ್ದೆಲ್ಲ ಬಲಕ್ಕೆ ಹೋಗಿದೆ ಸಾರ್! ಚೆಂಡು ನಿಮ್ಮ ಬಲ ಹಿಮ್ಮಡೀಲಿ ಕೂತಿದೆ. ಇಳೀರಿ, ಇಳೀರಿ!"

ಕ್ಲಬ್ಬಿನ ಕಾರ್ಯದರ್ಶಿಯನ್ನು ಹಾಗೆ ಯಾರೂ ಗದರಿಸಿರಲಿಲ್ಲ. ಅವರು ಇಳಿದರು. ಹಾಸು ಬಿಳಿ ಮೇಲಾಗಿ ಮಗುಚಿ ಬಿತ್ತು.

"ಲಂಗದ ಒಳಮೈ ಮೇಲೆ ನಿಂತ ಹಾಗಿದೆಯಲ್ಲಯ್ಯಾ."

"ಬಿಗಿ ಎಲ್ಲಾದ್ರೂ ಇದೆಯಾ ಹೇಳಿ."

ಕಾರ್ಯದರ್ಶಿಗಳು ಬೆರಳಾಡಿಸಿದರು. ಅಡಿಯ ಹುರಿ ಬಟ್ಟೆಯ ಮೂಲಕವೇ ಕಾಲಿಗೆ ತಿಳಿಯುತ್ತಿತ್ತು. "ಇಲ್ಲ. ಸರಿಯಾಗಿ ಕೂತಿದೆ." ಬೀಸಿದರು.

ಎಲ್ಲರೂ ಕಿವಿಯನ್ನು ತಗಡಿನ ಕಡೆ ಇಟ್ಟುಕೊಂಡು ನಿಂತಿದ್ದೆವು. ಢಣ್ ಅನ್ನಲೇ ಇಲ್ಲ. ಚೆಂಡು ಮೈದಾನದ ನಟ್ಟನಡುವೆ ಹೋಗುತ್ತಲೇ ಇತ್ತು. ಇನ್ನೂ ಹತ್ತು ಹೊಡೆದರು. ಒಂಬತ್ತು ನೇರ ಹೋದವು. ಹತ್ತನೆಯದು ಎಡಕ್ಕೆ ಹೋಯಿತು, ಅಲ್ಲಿ ಯಾರ ಕೋಣೆಯೂ ಇಲ್ಲ. ಕೆಡವುವ ನಿರ್ಣಯವನ್ನು ಅಲ್ಲೇ ಹರಿದರು. ಅರ್ಧಿಂಚು ಮಾತ್ರ ಒಳಗೆ ಹೆಂಡತಿಯ ಜೊತೆ ನೆಲದಲ್ಲಿ ಕೂತು ಗುಂಡಿ ಆರಿಸುತ್ತಿದ್ದ.

ಅದಕ್ಕೆ ಮೊದಲು ಪ್ರತಿ ಭಾನುವಾರ ಕಾರ್ಯದರ್ಶಿಗಳನ್ನು ಸೋಲಿಸುತ್ತಿದ್ದವನು ನಾನು. ಆಮೇಲೆ ಒಂದೂ ಗೆದ್ದಿಲ್ಲ. ಸೋತು ಸೋತು ಮುಖ ಸಪ್ಪಗಾಗಿದ್ದನ್ನು ನೋಡಿ ಅರ್ಧಿಂಚು ಕೇಳದೆಯೇ ನನಗೂ ಒಂದು ಹಾಸು ಹೊಲಿದು ತಂದ. ಈ ಸಲ ಗೀಟು ಸೀದಾ ಮೈಮೇಲೇ ಹಾಕಿದ್ದಾನೆ.

ಮೂವತ್ತೈದು ವರ್ಷ ಬಟ್ಟೆ ಮಾರಿದ ನನಗೆ ಉಲ್ಟಾ ಯಾವುದು, ಸೀದಾ ಯಾವುದು ಅಂತ ಬಾಗಿಲಲ್ಲೇ ಗೊತ್ತಾಗುತ್ತದೆ. ಆ ಶನಿವಾರವೂ ಗೊತ್ತಾಗಿತ್ತು. ಗೊತ್ತಾಗಿಯೂ ಬಾಯಿ ಮುಚ್ಚಿಕೊಂಡು ಚಹಾ ಕುಡಿದೆ ಅನ್ನುವುದನ್ನು ಅವನಿಗೂ ಅವನ ಹೆಂಡತಿಗೂ ಹೇಳುವುದು ಇನ್ನೂ ಬಾಕಿ ಇದೆ.