ಸಣ್ಣ ಗೇರಿಗೆ ಮೂರು ಬೆರಳ ವಿಭೂತಿ

ಮನುಷ್ಯರಿಗೆ ದೇವರು ಕೊಟ್ಟದ್ದು ಎರಡು ಕಾಲು, ಜೀಪು ಮಾಡಿದವರು ಅದರ ನೆಲದ ಮೇಲೆ ಇಟ್ಟದ್ದು ಮೂರು ಪೆಡಲು. ಇದರಲ್ಲಿ ಎಲ್ಲೋ ಒಂದು ತಪ್ಪಿದೆ ಎಂಬ ಅನುಮಾನ ನನಗೆ ಬಂದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಹುಣಸಗಿಯ ಹೊರಗಿನ ಒಂದು ಬಯಲಿನಲ್ಲಿ, ಬೆಳಗಿನ ಆರು ಗಂಟೆಗೆ, ಹಳೆಯದೊಂದು ಸರಕಾರಿ ಜೀಪಿನ ಬಲಗಡೆಯ ಆಸನದ ಮೇಲೆ ಮೊದಲ ಬಾರಿ ಕೂತಾಗ. ಎಡಗಾಲಿಗೇನೋ ಕ್ಲಚ್ಚು ಒಂದೇ. ಅದರ ಸಂಸಾರ ನೆಮ್ಮದಿಯದು. ಬಲಗಾಲು ಮಾತ್ರ ಬ್ರೇಕಿಗೂ ಆಕ್ಸಿಲರೇಟರಿಗೂ ಹಂಚಿಹೋಗಿ, ನಿಲ್ಲಬೇಕೋ ಓಡಬೇಕೋ ಎಂಬ ದ್ವಂದ್ವದಲ್ಲಿಯೇ ಆಯುಷ್ಯ ಸವೆಸಬೇಕು. ನನ್ನ ಕಾಲು ಈ ದ್ವೈತವನ್ನು ಒಪ್ಪದೆ, ಸೀದಾ ಅದ್ವೈತಕ್ಕೆ ಹಾರಿ, ಎರಡನ್ನೂ ಒಟ್ಟಿಗೇ ಒತ್ತುತ್ತಿತ್ತು. ಪರಿಣಾಮವಾಗಿ ಜೀಪು ಒಮ್ಮೆ ಗುಡುಗಿ, ಒಮ್ಮೆ ಕೆಮ್ಮಿ, ಇದ್ದಲ್ಲಿಯೇ ಸಮಾಧಿಸ್ಥವಾಗುತ್ತಿತ್ತು.

ನಾನು ದನದ ಡಾಕ್ಟರು. ಶಹಾಪುರದಲ್ಲಿ ಹುಟ್ಟಿ, ಹುಣಸಗಿಯ ಆಸುಪಾಸಿನ ಎಮ್ಮೆ, ಎತ್ತು, ಆಡುಗಳ ನಡುವೆ ಹನ್ನೊಂದು ವರ್ಷ ಕಳೆದವಳು. ಈ ಹನ್ನೊಂದು ವರ್ಷವೂ ಜೀಪು ಓಡಿಸಿದವರು ಶರಣಪ್ಪನವರು. ನಾನು ಎಡಗಡೆ ಕೂತು ಕನಸು ಕಂಡವಳು. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಚಿಕ್ಕಂದಿನಲ್ಲಿ ಶಾಲೆಯ ಕಿಟಕಿಯಿಂದ ನಮ್ಮೂರ ಗುಡ್ಡ ಕಾಣುತ್ತಿತ್ತು, ಯಾರೋ ಅಂಗಾತ ಮಲಗಿ ಆಕಾಶ ನೋಡುತ್ತಿರುವ ಹಾಗೆ. ಅದನ್ನು ನೋಡುತ್ತ ನೋಡುತ್ತ ಹದಿಮೂರರ ಮಗ್ಗಿಯ ನಡುವೆಯೇ ಎಲ್ಲಿಗೋ ಹೋಗಿಬಿಡುವ ಚಾಳಿ ನನಗೆ ಅಂಟಿಕೊಂಡಿತು. ಪದವಿಗಳು ಬಂದವು, ತಲೆಕೂದಲು ನರೆಯಿತು, ಚಾಳಿ ಹೋಗಲಿಲ್ಲ. ಕಾಲುವೆಯ ದಂಡೆಯ ಮೇಲೆ ಜೀಪು ಸಾಗುವಾಗ ನೀರು ಕಟ್ಟಿದ ಗದ್ದೆಗಳಲ್ಲಿ ಮೋಡಗಳು ನಮ್ಮ ಜೊತೆಗೇ ಓಡುತ್ತಿದ್ದವು. ಅವುಗಳ ಬೆನ್ನು ಹತ್ತಿ, ಹೊರಟದ್ದು ಯಾವ ಊರಿಗೆ, ಯಾವ ಎಮ್ಮೆಗೆ ಎಂಬುದನ್ನೂ ಮರೆತು, ಅರೆಗಣ್ಣಿನಲ್ಲಿ ತೇಲುತ್ತಿದ್ದೆ. "ಇಳೀರಿ ಮೇಡಂ, ಊರು ಬಂತು" ಎಂಬ ಶರಣಪ್ಪನವರ ದನಿಯೇ ನನ್ನನ್ನು ಭೂಮಿಗೆ ಇಳಿಸುತ್ತಿತ್ತು.

ಆ ಶರಣಪ್ಪನವರು ಈ ಸಲದ ಮಳೆಗಾಲದಲ್ಲಿ ನಿವೃತ್ತರಾಗುವವರಿದ್ದರು. ಅವರ ಜಾಗಕ್ಕೆ ಇನ್ನೊಬ್ಬರು ಬರುವುದಿಲ್ಲವೆಂದು ಮೇಲಿನಿಂದ ತಿಳಿದುಬಂದಿತ್ತು. ಅಂದರೆ ಜೀಪು ಆಸ್ಪತ್ರೆಯ ಮುಂದಿನ ಬೇವಿನ ಗಿಡದ ಕೆಳಗೆ ನಿಂತುಬಿಡುತ್ತದೆ. ಕಾಲುವೆಯಾಚೆಯ ದೊಡ್ಡಿಗಳಿಗೆ, ಹೊಲದ ನಡುವೆ ನಾಲ್ಕಾರು ಮನೆ ಕಟ್ಟಿಕೊಂಡು ದನದೊಂದಿಗೆ ಬದುಕುವ ಆ ಜನಕ್ಕೆ, ಮಳೆಗಾಲದಲ್ಲಿ ಡಾಕ್ಟರಿಲ್ಲ. ನನಗಿಂತ ಮೊದಲು ಇದನ್ನು ಯೋಚಿಸಿದವರು ಶರಣಪ್ಪನವರೇ. ಒಂದು ದಿನ ಚಹಾ ಕುಡಿಯುತ್ತ ನನ್ನ ಮುಖ ನೋಡದೆ ಹೇಳಿದರು: "ಗಾಡಿ ನಿಂತ್ರ ಇಲಿ ವೈರ್ ಕಡೀತಾವ್ರಿ. ನಾ ಹೋಗೂದ್ರೊಳಗ ನೀವು ಕಲೀರಿ." ಅದು ಸಲಹೆಯಲ್ಲ, ಬೇಡಿಕೆಯೆಂದು ನನಗೆ ಗೊತ್ತಾಯಿತು. ಅವರ ಕೈಯಲ್ಲಿದ್ದುದು ಎರಡು ತಿಂಗಳು.

ಕಲಿಸುವುದರಲ್ಲಿ ಅವರು ಕಠಿಣ ಗುರು. ದಕ್ಷಿಣದ ಕಡೆಯವರು ಕೇಳಿದ್ದರೆ ಜಗಳ ನಡೆದಿದೆಯೆಂದು ತಿಳಿದು ಬಿಡಿಸಲು ಬರುತ್ತಿದ್ದರೋ ಏನೋ. "ಕ್ಲಚ್ ಒಮ್ಮಿಗೇ ಬಿಡಬ್ಯಾಡ್ರಿ. ಎಮ್ಮಿಗೆ ಹಗ್ಗ ಸಡಲ ಬಿಟ್ಟಂಗ ಬಿಡ್ರಿ. ಹಾಂ, ಈಗ ಅದು ನಡಗತೈತಿ ನೋಡ್ರಿ, ಅಲ್ಲೇ ಹಿಡೀರಿ." ಕ್ಲಚ್ಚನ್ನು ಪೂರ್ತಿ ತುಳಿಯದೆ, ಪೂರ್ತಿ ಬಿಡದೆ ಇರುವ ಆ ನಡುವಿನ ನೆಲೆಯಲ್ಲಿ ಜೀಪಿನ ಮೈ ಸಣ್ಣಗೆ ಕಂಪಿಸುತ್ತದೆ. ಸೂಲಿನ ದನದ ಹೊಟ್ಟೆಯ ಮೇಲೆ ಕೈಯಿಟ್ಟಾಗ ಒಳಗಿನದು ಮಿಸುಕಿದ್ದು ತಿಳಿಯುತ್ತದಲ್ಲ, ಹಾಗೆ. ಅದು ತಿಳಿದ ದಿನ ನಾನು ಜೀಪನ್ನು ಹತ್ತು ಮಾರು ಎಂಜಿನ್ ಆರದಂತೆ ನಡೆಸಿದೆ. ಆ ಸಂಭ್ರಮದಲ್ಲಿ ಒಂದು ಮೋಡವನ್ನು ನೋಡಲು ಹೋಗಿ ಬೇಲಿಯ ಜಾಲಿಕಂಟಿಯೊಳಗೆ ಪ್ರವೇಶಿಸಿದೆ. ಶರಣಪ್ಪನವರು ಇಳಿದು, ಬಾನೆಟ್ಟಿನ ಮೇಲಿನ ಮುಳ್ಳುಗಳನ್ನು ಒಂದೊಂದಾಗಿ ತೆಗೆದರು. ಬೈದಿದ್ದರೇ ವಾಸಿಯಿತ್ತು.

ಇಷ್ಟೆಲ್ಲ ಕಲಿಸಿದವರು ಒಂದು ವಿಷಯವನ್ನು ಮಾತ್ರ ಕಲಿಸಲಿಲ್ಲ. ನಮ್ಮ ಜೀಪಿನಲ್ಲಿ ಗೇರಿನ ಕೋಲುಗಳು ಎರಡು. ದೊಡ್ಡದು ದಿನನಿತ್ಯದ್ದು. ಅದರ ಪಕ್ಕದಲ್ಲಿ ಇನ್ನೊಂದು ಗಿಡ್ಡದು, ತಲೆ ಗುಂಡಗಿನದು. ನಮ್ಮ ಕಡೆ ಅಮಾಸಿ ಬಂದರೆ ಗಾಡಿ ಇದ್ದವರೆಲ್ಲ ಗಾಡಿ ತೊಳೆದು, ವಿಭೂತಿ ಹಚ್ಚಿ, ದಾರ ಕಟ್ಟಿ, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದೇ ಹೊರಡುವುದು. ಸರಕಾರಿ ಜೀಪಾದರೂ ಶರಣಪ್ಪನವರು ಒಂದು ಅಮಾಸಿಯನ್ನೂ ತಪ್ಪಿಸಿದವರಲ್ಲ. ಸ್ಟಿಯರಿಂಗಿಗೂ ದೊಡ್ಡ ಗೇರಿಗೂ ಹಚ್ಚಿದ ವಿಭೂತಿ ಕೈಬಳಕೆಯಲ್ಲಿ ಮಧ್ಯಾಹ್ನದೊಳಗೆ ಅಳಿಸಿಹೋಗುತ್ತಿತ್ತು. ಯಾರೂ ಮುಟ್ಟದ ಸಣ್ಣ ಗೇರಿನ ಮೇಲೆ ಮಾತ್ರ ಮೂರು ಬೆರಳ ಗುರುತು ತಿಂಗಳಿಡೀ ಹಾಗೇ ಉಳಿಯುತ್ತಿತ್ತು. ದಾರದ ಮೇಲೆ ದಾರ, ಅಮಾಸಿಯ ಮೇಲೆ ಅಮಾಸಿ, ಅದು ಎದುರಿನ ಕಬ್ಬಿಣದ ಪಟ್ಟಿಗೆ ಹೆಬ್ಬೆರಳು ಗಾತ್ರದ ಹುರಿಯಿಂದ ಬಿಗಿದುಹೋಗಿತ್ತು. ಜೀಪು ಹತ್ತಿದ ಮುದುಕಿಯರು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ನಾನೂ ಒಮ್ಮೆ, ಕೆಟ್ಟ ಮಳೆಯಲ್ಲಿ, ಯಾರಿಗೂ ಕಾಣದಂತೆ ಒತ್ತಿಕೊಂಡದ್ದುಂಟು. ಇದು ಯಾತಕ್ಕೆ ಎಂದು ಕೇಳಿದಾಗ ಶರಣಪ್ಪನವರು, "ಅದು ನಮ್ಮ ಕೆಲಸದ್ದಲ್ರಿ, ಬಿಡ್ರಿ" ಎಂದು ಮಾತು ತಿರುಗಿಸಿದ್ದರು.

ಅದು ಯಾತಕ್ಕೆಂದು ನನಗೆ ತಿಳಿದದ್ದು ಕಲಿಕೆಯ ಎರಡನೆಯ ತಿಂಗಳಲ್ಲಿ, ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ, ಹಳೆಯ ಸಿರಿಂಜುಗಳ ಅಡಿಯಲ್ಲಿ ಸಿಕ್ಕ ಒಂದು ಕೈಪಿಡಿಯಿಂದ. ಊಟದ ನಂತರ ಅದನ್ನು ತೆರೆದು ಕೂತರೆ, ನಂಬುತ್ತೀರೋ ಇಲ್ಲವೋ, ಅದೊಂದು ಸೊಗಸಾದ ಓದು. ಸಾಮಾನ್ಯವಾಗಿ ಜೀಪಿನ ಹಿಂದಿನ ಎರಡು ಗಾಲಿಗಳಷ್ಟೇ ದುಡಿಯುತ್ತವಂತೆ. ಮುಂದಿನ ಎರಡು ಸುಮ್ಮನೆ ಉರುಳುತ್ತವಂತೆ. ಸಣ್ಣ ಗೇರು ಎಳೆದರೆ ನಾಲ್ಕೂ ದುಡಿಯುತ್ತವೆ. ಇನ್ನೂ ಒಂದು ಹೆಜ್ಜೆ ಎಳೆದರೆ ನಾಲ್ಕೂ ಅತಿ ನಿಧಾನವಾಗಿ, ಅತಿ ಬಲವಾಗಿ ದುಡಿಯುತ್ತವೆ. ಅದಕ್ಕೆ ಮೊದಲು ಕೆಳಗಿಳಿದು ಮುಂದಿನ ಒಂದೊಂದು ಗಾಲಿಯ ನಟ್ಟನಡುವೆ ಇರುವ ಬಿಲ್ಲೆಯನ್ನು ಕೈಯಿಂದ ತಿರುಗಿಸಿ ಕೊಂಡಿ ಹಾಕಬೇಕು. ಗಟ್ಟಿ ನೆಲಕ್ಕೆ ಬಂದ ಕೂಡಲೇ ಮರೆಯದೆ ಬಿಡಿಸಬೇಕು, ಇಲ್ಲವಾದರೆ ಯಂತ್ರಕ್ಕೆ ಪೆಟ್ಟು. ಓದುತ್ತ ಓದುತ್ತ ಕಣ್ಣು ಮುಚ್ಚಿದಾಗ ನಾನು ಆ ನಿಧಾನದ ಜೀಪಿನಲ್ಲಿ ಗದ್ದೆಯೊಳಗಿನ ಮೋಡಗಳ ಮೇಲೆಯೇ ಸಾಗುತ್ತಿದ್ದೆ. ಶರಣಪ್ಪನವರಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಪೂಜೆಗೊಂಡದ್ದರ ಉಪಯೋಗವನ್ನು ಪುಸ್ತಕ ಹಿಡಿದು ವಿವರಿಸುವುದು ನನಗೆ ಉದ್ಧಟತನವೆನಿಸಿತು.

ಅವರ ಕೊನೆಯ ವಾರ ನೀಲಮ್ಮನ ಫೋನು ಬಂತು. ನೀಲಮ್ಮ ಕಾಲುವೆಯಾಚೆ ದೊಡ್ಡಿಯಲ್ಲಿರುವ ಹೆಂಗಸು. ಅವಳ ಎಮ್ಮೆ ನಸುಕಿನಿಂದ ತಿಣುಕುತ್ತಿದೆ, ಕರುವಿನ ಒಂದು ಕಾಲು ಮಾತ್ರ ಕಂಡಿದೆ, ಇನ್ನೊಂದಿಲ್ಲ. "ಲಗೂನ ಬರ್ರಿ, ಅದು ನನ್ನ ಮಾರಿ ನೋಡಾಕತ್ತೈತಿ" ಎಂದಳು. ಎರಡು ದಿನದ ಮಳೆ ಅದೇ ತಾನೇ ನಿಂತಿತ್ತು. ಆ ಹಾದಿ ಪೂರ್ತಿ ಎರಿ ಮಣ್ಣು, ಒಣಗಿದಾಗ ಕಲ್ಲು, ನೆನೆದಾಗ ಅಂಟು. ಮಳೆಗಾಲದಲ್ಲಿ ಶರಣಪ್ಪನವರು ಜೀಪನ್ನು ಕಾಲುವೆಯ ಸೇತುವೆಯ ಹತ್ತಿರ ನಿಲ್ಲಿಸುವುದು, ಯಾರದೋ ಟ್ರ್ಯಾಕ್ಟರು ಬಂದು ನಮ್ಮನ್ನು ಒಯ್ಯುವುದು, ಹನ್ನೊಂದು ವರ್ಷದ ರೂಢಿ. ಅಂದು ನಾಟಿಯ ಹದ ಬಿದ್ದು ಟ್ರ್ಯಾಕ್ಟರುಗಳೆಲ್ಲ ಗದ್ದೆಗಿಳಿದಿದ್ದವು. ಪೆಟ್ಟಿಗೆ ಹೊತ್ತು, ಗಳಿಗೆಗೊಮ್ಮೆ ನಿಂತು ನಡೆದರೆ ಆ ಕೆಸರಿನಲ್ಲಿ ಎರಡು ತಾಸು, ಅಷ್ಟು ಹೊತ್ತು ಎಮ್ಮೆಗೆ ಇರಲಿಲ್ಲ. ಸ್ಟಿಯರಿಂಗು ಹಿಡಿದಿದ್ದವಳು ನಾನು. ಸೇತುವೆಯ ಹತ್ತಿರ ನಿಲ್ಲಿಸದೆ ಮುಂದೆ ಬಿಟ್ಟೆ. ಇಳಿಜಾರು ಮುಗಿದಲ್ಲಿ ಹಿಂದಿನ ಗಾಲಿಗಳು ಗಿರ್ರನೆ ತಿರುಗಿ, ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡು ಕೂತವು. ಒತ್ತಿದಷ್ಟೂ ಇಳಿದೆವು.

ಎಂಜಿನ್ ಆರಿಸಿದೆ. ನಾನು ಸಣ್ಣ ಗೇರನ್ನು ನೋಡಿದೆ. ನಾನು ನೋಡಿದ್ದನ್ನು ಶರಣಪ್ಪನವರು ನೋಡಿದರು. ಆಮೇಲೆ ಹೊರಗೆ ಗದ್ದೆಯ ಕಡೆ ಮುಖ ತಿರುಗಿಸಿ, "ನನಗ ಅದು ಬರಂಗಿಲ್ರಿ ಮೇಡಂ" ಎಂದರು. "ನನಗಿಂತ ಮೊದಲ ಇದ್ದಾವ ಹೇಳಿದ್ದ, ಮುಟ್ಟಬ್ಯಾಡ, ಕೆಟ್ರ ನಿನ್ನ ಮ್ಯಾಲೆ ಬರತೈತಿ ಅಂತ. ನಾ ಸಾಲಿ ಕಲಿತಾವಲ್ಲ, ಯಾರನ್ನ ಕೇಳ್ಲಿ. ಮುಟ್ಟದಂಗ ಕಟ್ಟಿಹಾಕಿದೆ."

ಅಷ್ಟು ವರ್ಷಗಳ ಭಕ್ತಿಯ ಒಳಗೆ ಇಷ್ಟು ಅಂಜಿಕೆ ಕೂತಿತ್ತೆಂದು ನಾನು ಊಹಿಸಿರಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು. ನನಗೆ ಕೈಪಿಡಿ ಓದಲು ಬರುತ್ತಿತ್ತು, ಹನ್ನೊಂದು ವರ್ಷ ಅದರ ಮುಂದೆಯೇ ಕೂತಿದ್ದೆ, ಕಲಿಯತೊಡಗುವ ಮೊದಲು ಒಮ್ಮೆಯೂ ಡಬ್ಬಿ ತೆರೆದಿರಲಿಲ್ಲ. ಅವರು ಎಚ್ಚರವಿದ್ದಾರೆಂಬ ಧೈರ್ಯದ ಮೇಲೆ ಮೋಡ ನೋಡುತ್ತಿದ್ದೆ. "ನನಗೂ ಬರಂಗಿಲ್ಲ ಶರಣಪ್ಪನೋರ, ಓದಿ ಅಷ್ಟ ಗೊತ್ತು" ಎಂದೆ. ಅವರು ಕೈ ಚಾಚಿ ನನ್ನ ಪೆಟ್ಟಿಗೆಯಿಂದ ಬ್ಲೇಡು ಕೇಳಿದರು. ಚಪ್ಪಲಿ ಕಳಚಿದರು. ಹುರಿಯನ್ನು ಎಳೆ ಎಳೆಯಾಗಿ ಕೊಯ್ದು, ಮುದ್ದೆ ಮಾಡಿ, ಅಂಗಿಯ ಜೇಬಿನೊಳಗೆ ಇಟ್ಟುಕೊಂಡರು. ನಾನು ಹೇಳಿದಂತೆ ಇಕ್ಕಳದಂಥ ಪಕ್ಕಡ ಹಿಡಿದು ಕೆಸರಿಗೆ ಇಳಿದು, ಜಡ್ಡುಗಟ್ಟಿದ ಬಿಲ್ಲೆಗಳನ್ನು ಅರ್ಧ ಸುತ್ತು ತಿರುಗಿಸಿ, "ಆತ್ರಿ" ಎಂದರು. ನಿವೃತ್ತಿಗೆ ನಾಲ್ಕು ದಿನ ಉಳಿದಿದ್ದ ಚಾಲಕರೊಬ್ಬರು ತಮ್ಮ ಶಿಷ್ಯೆಯ ಮಾತು ಕೇಳಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದರು.

ಎಂಜಿನ್ ಚಾಲೂ ಮಾಡಿ, ಕ್ಲಚ್ಚು ಪೂರ್ತಿ ತುಳಿದು ಸಣ್ಣ ಗೇರನ್ನು ಕೊನೆಯ ಹೆಜ್ಜೆಯವರೆಗೆ ಎಳೆದೆ. ಬರಲಿಲ್ಲ. ಎರಡನೆಯ ಸಲ ಎಳೆದಾಗ ಖಟ್ ಎಂದು ಎಲ್ಲೋ ಆಳದಲ್ಲಿ ಏನೋ ಕೂತಿತು. ದೊಡ್ಡ ಗೇರು ಎರಡಕ್ಕೆ. ಹೆಬ್ಬೆರಳುಗಳನ್ನು ಸ್ಟಿಯರಿಂಗಿನ ಒಳಗೆ ಸಿಕ್ಕಿಸದೆ ಹೊರಗಿಟ್ಟುಕೊಂಡೆ. ಗಾಲಿ ಕಲ್ಲಿಗೆ ತಾಗಿ ಸ್ಟಿಯರಿಂಗು ಒಮ್ಮೆಲೇ ತಿರುಗಿದರೆ ಬೆರಳು ಮುರಿಯುತ್ತದೆಂದು ಕೈಪಿಡಿಯಲ್ಲಿತ್ತು. ಕ್ಲಚ್ಚನ್ನು ನಿಧಾನ ಬಿಟ್ಟು, ಆಮೇಲೆ ಬಲಗಾಲನ್ನೂ ತೆಗೆದುಬಿಟ್ಟೆ, ಯಾಕೆಂದರೆ ಅದರಲ್ಲಿ ಬರೆದದ್ದು ಅದೇ: ಒತ್ತಬೇಡಿ, ಬಿಡಿ. ಜೀಪು ನಡುಗಿತು. ಮುಂದಿನ ಗಾಲಿಗಳು ನೆಲವನ್ನು ಹಿಡಿದವು. ಮತ್ತೆ ಯಾವ ಅಬ್ಬರವೂ ಇಲ್ಲದೆ ಅದು ಗುಂಡಿಯಿಂದ ಎದ್ದು ನಡೆಯತೊಡಗಿತು.

ಅಷ್ಟು ನಿಧಾನದ ಪಯಣವನ್ನು ನಾನು ಎಚ್ಚರದಲ್ಲಿ ಕಂಡದ್ದು ಅದೇ ಮೊದಲು. ಶರಣಪ್ಪನವರಿಗೆ ಹತ್ತಲು ಜೀಪು ನಿಲ್ಲಿಸುವ ಅಗತ್ಯವೂ ಬೀಳಲಿಲ್ಲ. ಮೊದಲ ಕೆಟ್ಟ ಕೆಸರು ದಾಟುವವರೆಗೆ ಅವರು ಪಕ್ಕದಲ್ಲಿ ನಡೆಯುತ್ತ, ನಮಗಿಂತ ನಾಲ್ಕು ಹೆಜ್ಜೆ ಮುಂದೆ ಹೋಗಿ, ಹಾದಿಯ ಗಟ್ಟಿ ನೋಡಿ ಕೈ ಮಾಡುತ್ತಿದ್ದರು. ಎಡಬಲಕ್ಕೆ ನೀರು, ನೀರಿನೊಳಗೆ ಆಕಾಶ, ಆಕಾಶದೊಳಗೆ ನೆಟ್ಟ ನಾಟಿಯ ಸಸಿ. ಬೆಳ್ಳಕ್ಕಿಗಳು ನಮಗೆ ಹೆದರಿ ಹಾರುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಮೋಡಗಳು ಅಂದು ನಮ್ಮ ಜೊತೆ ಓಡಲಿಲ್ಲ, ನಿಂತು ನೋಡಿದವು. ನನ್ನ ಎರಡೂ ಕಾಲುಗಳಿಗೆ ಕೆಲಸವಿರಲಿಲ್ಲ. ಮನಸ್ಸು ತೇಲುತ್ತಿತ್ತು, ಕಣ್ಣು ಮಾತ್ರ ಹಾದಿಯ ಮೇಲಿತ್ತು. ಇವೆರಡೂ ಒಟ್ಟಿಗೆ ಆಗುತ್ತವೆಂದು ನನಗೆ ಯಾರೂ ಹೇಳಿರಲಿಲ್ಲ.

ಎಮ್ಮೆ ಇನ್ನೂ ನಿಂತೇ ಇತ್ತು. ಕರುವಿನ ಇನ್ನೊಂದು ಕಾಲು ಒಳಗೆ ಹಿಂದಕ್ಕೆ ಮಡಚಿಕೊಂಡಿತ್ತು. ಭುಜದವರೆಗೆ ಕೈ ಹಾಕಿ, ಎಮ್ಮೆ ತಿಣುಕು ನಿಲ್ಲಿಸಿದಾಗೆಲ್ಲ ಕರುವನ್ನು ಇಷ್ಟಿಷ್ಟೇ ಹಿಂದಕ್ಕೆ ದಬ್ಬಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಮುಂದಕ್ಕೆ ತರುವುದಕ್ಕೆ ಅರ್ಧ ತಾಸು ಹಿಡಿಯಿತು. ಅದೂ ಜೋರು ಮಾಡಿ ಒತ್ತುವ ಕೆಲಸವಲ್ಲ. ಹೆಣ್ಣು ಕರು ನೆಲಕ್ಕೆ ಬಿದ್ದು, ಸೀನಿ, ತಲೆ ಕೊಡವಿತು. ನೀಲಮ್ಮ ಗೋಡೆಗೆ ಒರಗಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. "ಮಳಿಗಾಲದಾಗ ಈ ದೊಡ್ಡಿಗೆ ಗಾಡಿ ಬಂದದ್ದು ನಾ ಕಂಡಿಲ್ರಿ" ಎಂದು ಶರಣಪ್ಪನವರ ಕಡೆ ನೋಡಿದಳು. ಅವರು ನನ್ನ ಕಡೆ ಬೆರಳು ಮಾಡಿ, "ಅವರು ತಂದಾರವ್ವ. ಮುಂದೂ ಬರತಾರ" ಎಂದರು. ನನ್ನ ಪರೀಕ್ಷೆ ಅಲ್ಲಿಗೆ ಮುಗಿಯಿತೆಂದು ತಿಳಿದು ನಾನು ಕೈ ತೊಳೆಯಲು ಬೇಗ ಎದ್ದೆ, ಕಣ್ಣು ತುಂಬಿತ್ತು.

ಮರಳುವಾಗ ಇಳಿಹೊತ್ತು. ಜೀಪು ಅದೇ ನಡಿಗೆಯಲ್ಲಿ ಸಾಗಿತ್ತು. ಇಷ್ಟು ದಿನ ನಾನು ಓಡಿಸುವಾಗ ಎಡಗಡೆ ಕೂತ ಶರಣಪ್ಪನವರ ಬಲಗಾಲು ಖಾಲಿ ನೆಲವನ್ನೇ ಬ್ರೇಕೆಂದು ಒತ್ತುತ್ತಿರುತ್ತಿತ್ತು. ಸೇತುವೆ ದಾಟಿದ ಮೇಲೆ ನೋಡಿದೆ: ಆ ಕಾಲು ಸಡಿಲವಾಗಿ ಮುಂದಕ್ಕೆ ಚಾಚಿತ್ತು, ಬಾಯಿ ಚೂರು ತೆರೆದಿತ್ತು, ಅವರು ನಿದ್ದೆ ಹೋಗಿದ್ದರು. ಹನ್ನೊಂದು ವರ್ಷದಲ್ಲಿ ಅವರು ಜೀಪಿನಲ್ಲಿ ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ.

ಎದುರಿಗೆ ಹುಣಸಗಿಯ ಟಾರು ರಸ್ತೆ. ಗಟ್ಟಿ ನೆಲ ಬಂದ ಕೂಡಲೇ ಸಣ್ಣ ಗೇರು ಬಿಡಿಸಬೇಕು. ಬಿಡಿಸಿದರೆ ಖಟ್ ಎನ್ನುತ್ತದೆ, ಇವರಿಗೆ ಎಚ್ಚರವಾಗುತ್ತದೆ. ನಾನು ಟಾರಿಗೆ ಎರಡು ಮಾರು ಈಚೆಗೆ, ಮಣ್ಣಿನ ಮೇಲೆಯೇ ಜೀಪು ನಿಲ್ಲಿಸಿದೆ. ಎಂಜಿನ್ ಆರಿಸಿದರೂ ಎದ್ದಾರೆಂದು ಹಾಗೇ ಬಿಟ್ಟೆ. ಸರಕಾರದ ಡೀಸೆಲು ಸುಮ್ಮನೆ ಉರಿಯಿತು. ಸುರಪುರದ ಬಸ್ಸೊಂದು ಹೋಯಿತು. ಅದರ ಸದ್ದಿಗೆ ಶರಣಪ್ಪನವರು ಕಣ್ಣು ತೆರೆಯದೆ ಕೇಳಿದರು, "ಊರು ಬಂತೇನ್ರಿ?"

"ಇನ್ನೂ ದೂರ ಐತಿ, ಮಲಗ್ರಿ" ಎಂದೆ.