ತಮ್ಮನ ಹದಿಮೂರು ಅಕ್ಷರಗಳು

ಮೊನ್ನೆ ಗ್ಯಾರೇಜಿನಲ್ಲಿ ಹಳೆಯ ಪೆಟ್ಟಿಗೆಯೊಂದನ್ನು ತೆರೆದಾಗ ಪೇಂಟು, ಸೀಮೆಎಣ್ಣೆ ಬೆರೆತ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಮನೆಯ ತಾತ ಬಂದು ಹಿಂದೆ ನಿಂತರೇನೋ ಎಂದು ತಿರುಗಿ ನೋಡಿದೆ. ಅವರು ಹೋಗಿ ಎರಡು ವರ್ಷವಾಯಿತು...

ಅಮೆರಿಕದ ನೆವಾರ್ಕ್‌ನಲ್ಲಿ ನಮ್ಮ ಬೇಲಿಯಾಚೆಗೇ ಅವರ ಮನೆ. ಅವರ ಅಪ್ಪ ಅಮ್ಮ ಮೆಕ್ಸಿಕೋದಿಂದ ಬಂದವರು. ತಾತ ಹುಟ್ಟಿದ್ದು ಇಲ್ಲೇ. ವಿಯೆಟ್ನಾಂ ಯುದ್ಧ ಬೇಡವೆಂದು ಅವರ ಬೀದಿಯವರೆಲ್ಲ ಮೆರವಣಿಗೆ ಹೊರಟಾಗ ಫಲಕಗಳನ್ನು ಬರೆದದ್ದು ಈ ಪೆಟ್ಟಿಗೆಯ ಅಕ್ಷರಗಳಿಂದ. ರಟ್ಟಿನಲ್ಲಿ ಚಾಕುವಿನಿಂದ ಕೊರೆದ ಇಪ್ಪತ್ತಾರು ಇಂಗ್ಲಿಷ್ ಅಕ್ಷರಗಳ ಅಚ್ಚುಗಳು. ಫಾಂಟ್ ಮಾಡುವುದು ನನ್ನ ಹೊಟ್ಟೆಪಾಡು. ಇವುಗಳಿಂದಲೂ ಒಂದು ಫಾಂಟ್ ಮಾಡುತ್ತೇನೆಂದು ನಾನೇ ಕೇಳಿಕೊಂಡೆ.

"ಮಾಡಪ್ಪ. ಆದ್ರೆ ಏನೂ ತಿದ್ದಬೇಡ," ಎಂದರು.

ತಿದ್ದದೆ ಬಿಟ್ಟರೆ ನನ್ನ ಕಸುಬಿಗೇ ಅವಮಾನವಲ್ಲವೇ? ಎ ಇಂದ ಎಂ ವರೆಗಿನ ಹದಿಮೂರು ಎಡಕ್ಕೆ ವಾಲಿದ್ದವು, ಉಳಿದ ಹದಿಮೂರು ನೆಟ್ಟಗಿದ್ದವು. ಎಲ್ಲವನ್ನೂ ಸ್ಕ್ಯಾನ್ ಮಾಡಿಕೊಂಡು, ವಾಲಿದವನ್ನೆಲ್ಲ ನೆಟ್ಟಗೆ ನಿಲ್ಲಿಸಿ, ಪ್ರಿಂಟು ತೆಗೆದು, ಬೆನ್ನು ತಟ್ಟುತ್ತಾರೆಂದು ಹಲ್ಲು ಕಿರಿಯುತ್ತ ಅವರ ಮುಂದಿಟ್ಟೆ.

ತಾತ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದರು. "ಇದ್ರಲ್ಲಿ ನನ್ನ ತಮ್ಮ ಇಲ್ವಲ್ಲ..."

ಆಮೇಲೆ ಹೇಳಿದರು. ಮೊದಲ ಹದಿಮೂರನ್ನು ಕೊರೆದವನು ಅವರ ತಮ್ಮ, ಎಡಚ. ಎಂ ಮುಗಿಸಿದ ವಾರವೇ ಸೇನೆಯಿಂದ ಕರೆ ಬಂತು. ಹೋದವನು ಶವವಾಗಿ ಬಂದ. ಉಳಿದವನ್ನು ಅಣ್ಣನಾದ ತಾತನೇ ಕೊರೆದರು. ಅಂದಿನಿಂದ ಪ್ರತಿ ಫಲಕದಲ್ಲೂ ಸತ್ತವನ ಕೈ, ಬದುಕಿದವನ ಕೈ ಒಂದೇ ಸಾಲಿನಲ್ಲಿ... ನನಗೆ ನಾಚಿಕೆಯಾಯಿತು. ಇದ್ದ ಹಾಗೇ ಮಾಡಿಕೊಡುತ್ತೇನೆಂದು ಮಾತು ಕೊಟ್ಟೆ. ಆಫೀಸು, ಮೀಟಿಂಗು ಎಂದು ಇವತ್ತು ನಾಳೆ ಮಾಡುತ್ತ ಹೋದೆ. ಹಿಂದೆಮುಂದೆ ಯಾರೂ ಇಲ್ಲದ ಅವರು ಒಂದು ದಿನ ಪೆಟ್ಟಿಗೆಯನ್ನು ನನ್ನ ಕೈಗಿತ್ತರು. ಮರುವಾರ ತೀರಿಕೊಂಡರು.

ಮೊನ್ನೆ ಕೂತು ತಮ್ಮನ ಹದಿಮೂರನ್ನೂ ವಾಲಿದ ಹಾಗೆಯೇ ಕಂಪ್ಯೂಟರಿಗೆ ಇಳಿಸಿದೆ. ಹೋಲಿಸಲೆಂದು ತಾತನ ಹದಿಮೂರನ್ನು ತೆಗೆದು ನೋಡಿದರೆ, ಅವೂ ಎಡಕ್ಕೆ ವಾಲಿವೆ. ಹಳೆಯ ಸ್ಕ್ಯಾನಿನಲ್ಲಿ ನೆಟ್ಟಗಿವೆ. ಮೂರು ಸಲ ಅಳತೆಪಟ್ಟಿ ಇಟ್ಟು ನೋಡಿದೆ.

"ರಟ್ಟು ಹಳೇದಾದ್ರೆ ಸೊಟ್ಟಗಾಗುತ್ತೆ ಬಿಡಿ," ಎಂದಳು ಹೆಂಡತಿ.

ಇರಬಹುದು. ತಾತನ ಹದಿಮೂರನ್ನೂ ವಾಲಿದ ಹಾಗೆಯೇ ಇಳಿಸಿ ಪೆಟ್ಟಿಗೆ ಮುಚ್ಚಿದೆ. ಈ ಸಲ ಏನನ್ನೂ ತಿದ್ದಲಿಲ್ಲ.

ಫಾಂಟ್ ಈಗ ಮುಗಿದಿದೆ. ಅದಕ್ಕೊಂದು ಹೆಸರು ಕೊಡು ಎಂದು ಕಂಪ್ಯೂಟರು ಕೇಳುತ್ತಿದೆ. ತಮ್ಮನ ಹೆಸರನ್ನೇ ಇಡಬೇಕೆಂದು ಕೂತಿದ್ದೇನೆ. ಅಷ್ಟು ದಿನ ತಾತನ ಎದುರು ಕೂತವನು ಅದೊಂದನ್ನು ಕೇಳಲೇ ಇಲ್ಲ... ಇನ್ನು ಹೇಳುವವರು ಯಾರೂ ಉಳಿದಿಲ್ಲ.