ಮಂಚಮ್ಮನ ಸಂಚಿಯ ಹತ್ತು ಕಾಳು

ಬೆಳಿಗ್ಗೆ ಆರೂಕಾಲು. ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೇರಿ ಮುಂದೆ ಹೆಂಗಸರು ಕ್ಯಾನು ಹಿಡಿದು ಸಾಲು ನಿಂತಿದ್ದಾರೆ. ಹಾಲು ಹಾಕಿ ಹೊರಬಂದವರನ್ನು ಮಂಚಮ್ಮ ಒಬ್ಬೊಬ್ಬರಾಗಿ ಪಕ್ಕದ ಹುಣಸೆಮರದ ಕೆಳಗೆ ಕರೆದೊಯ್ಯುತ್ತಾರೆ. ಎಲೆಅಡಿಕೆ ಸಂಚಿಯ ಬಾಯಿ ಬಿಚ್ಚಿ ಮುಂದೆ ಹಿಡಿಯುತ್ತಾರೆ.

"ಕೈ ಆಕಮ್ಮಿ. ಒಂದ್ ಕಾಳ್ ತಗೊ, ನೀನೊಬ್ಳೇ ನೋಡ್ಕೊ, ಒಳಕ್ಕೇ ಬುಡು. ನಂಗ್ ತೋರುಸ್ಬ್ಯಾಡ."

ಸಂಚಿಯಲ್ಲಿರುವುದು ಹತ್ತು ಅಲಸಂದೆ ಕಾಳು. ಆರು ಕೆಂಪು, ನಾಲ್ಕು ಬಿಳಿ. ಪ್ರಶ್ನೆ ಒಂದೇ: ಈ ವರ್ಷ ಗಂಡ ನಿನ್ನ ಮೇಲೆ ಕೈ ಮಾಡಿದ್ದಾನಾ? ಕೆಂಪು ಬಂದವರು ನಿಜ ಹೇಳಬೇಕು. ಬಿಳಿ ಬಂದವರು, ಹೊಡೆದಿರಲಿ ಬಿಡಲಿ, "ಹೂಂ" ಎನ್ನಬೇಕು. ಯಾರ "ಹೂಂ" ನಿಜದ್ದು, ಯಾರದು ಬರೀ ಕಾಳಿನದು ಎಂಬುದು ಕೇಳಿದ ಮಂಚಮ್ಮನಿಗೂ ತಿಳಿಯುವುದಿಲ್ಲ. ಅವರು ಪುಸ್ತಕದಲ್ಲಿ ಒಂದು ಗೀಟು ಎಳೆಯುತ್ತಾರೆ, ಹೆಸರು ಬರೆಯುವುದಿಲ್ಲ.

ಕೊಪ್ಪದ ಮಂಚಮ್ಮನಿಗೆ ಐವತ್ತೊಂದು ವರ್ಷ. ಓದಿದ್ದು ಏಳನೇ ತರಗತಿ. ಹನ್ನೊಂದು ವರ್ಷದಿಂದ ಮದ್ದೂರಿನ ಮಹಿಳಾ ಸಂಸ್ಥೆಯೊಂದಕ್ಕೆ ಸರ್ವೆ ಮಾಡುತ್ತಿದ್ದಾರೆ. ಮನೆ ಬಾಗಿಲಿಗೆ ಹೋದರೆ ಅತ್ತೆಯೋ ಮೈದುನನೋ ಪಕ್ಕದಲ್ಲೇ ನಿಂತಿರುತ್ತಾರೆ. ಡೇರಿ ಹತ್ತಿರವಾದರೆ ಹೆಂಗಸರು ಒಂಟಿಯಾಗಿ ಸಿಗುತ್ತಾರೆ. ದಿನಕ್ಕೆ ಇಪ್ಪತ್ತೈದು, ಮೂವತ್ತು ಜನ.

ನಾಲ್ಕು ವರ್ಷದ ಹಿಂದೆ ಇದೇ ಪ್ರಶ್ನೆಗೆ ಹೆಸರು ಸಮೇತ ಫಾರಂ ತುಂಬುತ್ತಿದ್ದರು. ಒಂದು ಫಾರಂ ಹೇಗೋ ಅದರಲ್ಲಿ ಹೆಸರಿದ್ದ ಹೆಂಗಸಿನ ಗಂಡನ ಕೈಗೇ ಸಿಕ್ಕಿತು.

"ಆ ಎಣ್ಮಗೀನ ಕೈ ಮುರ್ದಾಕ್ದ. ಆಸ್ಪತ್ರೇಲಿ ನನ್ನ ನೋಡಿ ಮಕ ತಿರುಗಿಸ್ಕಂಡ್ಳು. ಕೇಳ್ದೋಳು ನಾನು, ಬರ್ಕಂಡೋಳು ನಾನು. ನಾನೇ ಒಡ್ದಂಗಾಯ್ತು" ಎನ್ನುವಾಗ ಮಂಚಮ್ಮನ ದನಿ ತಗ್ಗುತ್ತದೆ. ಉಳಿದ ಫಾರಂಗಳನ್ನು ಕಚೇರಿಯ ಮೇಜಿನ ಮೇಲಿಟ್ಟು ಬಂದವರು ಎರಡು ತಿಂಗಳು ಕೆಲಸಕ್ಕೆ ಹೋಗಲಿಲ್ಲ.

ಆಗ ಅವರ ಮನೆಗೆ ಬಂದವರು ಅರುಂಧತಿ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಾರೆ, ಸಂಸ್ಥೆಗೆ ಸಲಹೆಗಾರ್ತಿ. ಕ್ವಾಂಟಂ ಕಣಗಳ ಅಳತೆ ಅವರ ಸಂಶೋಧನೆಯ ವಿಷಯ. "ಅಂಥ ಕಣವನ್ನು ಜೋರಾಗಿ ಅಳೆದರೆ ಅದರ ಸ್ಥಿತಿಯೇ ಕೆಡುತ್ತೆ. ಸ್ವಲ್ಪ ಮಸುಕಾದ ಉತ್ತರ ಸಾಕು ಅಂತ ಮೆಲ್ಲಗೆ ಅಳೆದರೆ ಹೆಚ್ಚುಕಡಿಮೆ ಇದ್ದಂಗೇ ಉಳಿಯುತ್ತೆ. ಒಬ್ಬರ ಗುಟ್ಟು ಬಿಟ್ಟುಕೊಡದೆ ಇಡೀ ಊರಿನ ಲೆಕ್ಕ ತೆಗೆಯೋ ಗಣಿತವೂ ಇದಕ್ಕೆ ತೀರಾ ಹತ್ತಿರದ್ದು" ಎಂದು ಅವರು ವಿವರಿಸುತ್ತಾರೆ.

"ಕಣ ಗಿಣ ನಂಗೊತ್ತಿಲ್ಲ ಕಣವ್ವ, ಮುಟ್ಟಿಯೂ ಮುಟ್ದಂಗಿರ್ಬೇಕು, ಅಷ್ಟೇ ತಾನೆ ಅಂದೆ" ಎಂದು ಮಂಚಮ್ಮ ನಗುತ್ತಾರೆ.

ಅರುಂಧತಿ ಮೊದಲು ಸೂಚಿಸಿದ್ದು, ನಿಜ ಹೇಳಬೇಕೋ ಬರೀ "ಹೂಂ" ಎನ್ನಬೇಕೋ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುವ ಉಪಾಯ. ನಾಣ್ಯ ನೆಲಕ್ಕೆ ಬಿದ್ದರೆ ಸಾಲಿನಲ್ಲಿದ್ದವರಿಗೆಲ್ಲ ಕಾಣುತ್ತಿತ್ತು. ಬೆರಳಿಗೆ ಒಂದೇ ತರ ತಾಗುವ, ಬಣ್ಣ ಮಾತ್ರ ಬೇರೆಯಾದ ಕಾಳು ಹುಡುಕಿದ್ದು ಮಂಚಮ್ಮ.

ಹೋದ ವರ್ಷ ಒಂಬತ್ತು ಹಳ್ಳಿಗಳ ನಾನೂರು ಹೆಂಗಸರು ಕಾಳು ತೆಗೆದರು. ಇನ್ನೂರ ಮೂವತ್ತೆರಡು ಮಂದಿ "ಹೂಂ" ಎಂದರು. ಹತ್ತರಲ್ಲಿ ನಾಲ್ಕು ಬಿಳಿಯಾದ್ದರಿಂದ ಸುಮಾರು ನೂರ ಅರವತ್ತು "ಹೂಂ" ಕಾಳಿನದೇ. ಅದನ್ನು ಕಳೆದರೆ, ನಿಜ ಹೇಳಿದ ಇನ್ನೂರ ನಲವತ್ತು ಮಂದಿಯಲ್ಲಿ ಎಪ್ಪತ್ತೆರಡು ಜನ ಏಟು ತಿಂದವರು, ನೂರಕ್ಕೆ ಮೂವತ್ತು. ಹಳೆಯ ಫಾರಂಗಳಲ್ಲಿ ನೂರಕ್ಕೆ ನಾಲ್ಕು ಬಂದಿತ್ತು. ಈ ಲೆಕ್ಕ ತೋರಿಸಿಯೇ ಸಂಸ್ಥೆ ವಾರಕ್ಕೆರಡು ದಿನ ಕೂರುವ ವಕೀಲೆಯೊಬ್ಬರನ್ನು ಮದ್ದೂರಿಗೆ ಕರೆತಂದಿದೆ.

ಆ ಸರ್ವೆಯ ನಡುವೆ ಒಂದೂರಿನ ಯಜಮಾನರೊಬ್ಬರು ಡೇರಿ ಮುಂದೆಯೇ ಮಂಚಮ್ಮನನ್ನು ಅಡ್ಡಗಟ್ಟಿದರು. ಅವರ ಹೆಸರೂ ಊರೂ ಪತ್ರಿಕೆಯಲ್ಲಿ ಬರಬಾರದೆಂಬುದು ಮಂಚಮ್ಮನ ಷರತ್ತು.

"ನಮ್ಮನೆಯೋಳು ಏನಂದ್ಳು, ಏಳಮ್ಮಿ."

"ನಂಗೊತ್ತಿಲ್ಲ ಗೌಡ್ರೇ."

"ಕೇಳ್ದೋಳೇ ನೀನು! ಗೊತ್ತಿಲ್ಲ ಅಂದ್ರೆ ಯಾವನ್ ನಂಬ್ತಾನೆ?"

ಮಂಚಮ್ಮ ಸಂಚಿ ಚಾಚಿದರು. "ನೀವೇ ಕೈ ಆಕಿ. ಕೆಂಪು ಬಂದ್ರೆ ದಿಟ ಏಳಿ, ಬಿಳಿ ಬಂದ್ರೆ ಸುಮ್ಕೆ ಊಂ ಅನ್ನಿ. ಈ ವರ್ಸ ಎಡ್ತಿಗ್ ಒಡ್ದಿದ್ದೀರಾ?"

ಸಾಲು ಇತ್ತ ತಿರುಗಿತು. ಇಪ್ಪತ್ತು ಜನ ಹೆಂಗಸರು ನೋಡುತ್ತಿದ್ದಾರೆ, ಹಿಂದೆ ಸರಿಯುವಂತಿಲ್ಲ. ಯಜಮಾನರು ಕೈ ಹಾಕಿದರು. ಅಂಗೈ ಮರೆಯಲ್ಲಿ ಕಾಳು ನೋಡಿ ಒಳಕ್ಕೆ ಬಿಟ್ಟರು. "ಊಂ" ಎಂದು ಮೆತ್ತಗೆ ಹೇಳಿ ಹೊರಟುಹೋದರು. ಆಮೇಲೆ ಆ ಊರಿನಲ್ಲಿ ಯಾರೂ ಅಡ್ಡ ಬರಲಿಲ್ಲ.

ಅವರಿಗೆ ಬಂದದ್ದು ಯಾವ ಕಾಳಿರಬಹುದೆಂದು ಕೇಳಿದೆ. ಮಂಚಮ್ಮ ಸಂಚಿಯ ಬಾಯಿ ಬಿಗಿದರು.

"ಅದ್ನ ಕೇಳ್ಬ್ಯಾಡಿ. ಎಂಗಸ್ರಿಗೊಂದು, ಗಂಡಸ್ರಿಗೊಂದು ನ್ಯಾಯ ಮಡಗಿಲ್ಲ ನಾನು. ಆವಯ್ಯನ್ ಗುಟ್ಟು ಆವಯ್ಯಂಗೇ ಇರ್ಲಿ."